ಕಟ್ಟಡ ಸಾಮಗ್ರಿ ಮಳಿಗೆಜಾಲ (ಧಾರವಾಡ ಗ್ರಾಮೀಣ)

ಗ್ರಾಮೀಣ ಧಾರವಾಡದಲ್ಲಿ ಮನೆ ಕಟ್ಟುವ ಸರಕು ಬಹುಕಾಲ ಊರ ಸುತ್ತಲೇ ಸಿಗುತ್ತಿತ್ತು. ನವಲಗುಂದ, ಅಣ್ಣಿಗೇರಿಯ ಎರೆನೆಲದಲ್ಲಿ ಮಣ್ಣಿನ ದಪ್ಪ ಗೋಡೆ, ಮರದ ಜಂತಿ, ಮೇಲೆ ಮಣ್ಣು ಮುಚ್ಚಿದ ಮಾಳಿಗೆ. ಮಳೆ ಹೆಚ್ಚಿರುವ ಕಲಘಟಗಿ ಕಡೆ ಇಳಿಜಾರು ಸೂರಿಗೆ ಮಂಗಳೂರು ಹೆಂಚು. ಹೊರಗಿನಿಂದ ಬಂದ ಮೊದಲ ದೊಡ್ಡ 'ಬ್ರ್ಯಾಂಡು' ಇದೇ ಎನ್ನಬಹುದು: ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಿತ್ತು.

ಸಿಮೆಂಟು, ಕಬ್ಬಿಣದ ಸರಳು ಬಂದಮೇಲೆ ವ್ಯಾಪಾರ ತಾಲ್ಲೂಕು ಪೇಟೆಯ ಅಂಗಡಿಗೆ ಸರಿಯಿತು.

ಈ ಅಂಗಡಿಗಳನ್ನೇ ಒಂದು ಫಲಕದಡಿ ತರುವ ಪ್ರಯತ್ನದ ದೊಡ್ಡ ಉದಾಹರಣೆ ಅಲ್ಟ್ರಾಟೆಕ್ ಸಿಮೆಂಟ್ ಕಂಪನಿಯ ಅಲ್ಟ್ರಾಟೆಕ್ ಬಿಲ್ಡಿಂಗ್ ಸೊಲ್ಯೂಷನ್ಸ್. 2007ರಲ್ಲಿ ಶುರುವಾದ ಈ ಜಾಲ ದೇಶದಲ್ಲಿ 4,000 ಮಳಿಗೆಗಳನ್ನು ದಾಟಿದೆ. ಕಂಪನಿ ತಾನೇ ಅಂಗಡಿ ಕಟ್ಟಲಿಲ್ಲ. ಮೊದಲೇ ಇದ್ದ ಡೀಲರುಗಳನ್ನು ಸೇರಿಸಿಕೊಂಡು ಸಿಮೆಂಟಿನ ಜೊತೆ ಸರಳು, ಬಣ್ಣ, ಪೈಪು, ನೀರುತಡೆ ರಾಸಾಯನಿಕಗಳನ್ನೂ ಒಂದೇ ಗಲ್ಲೆಗೆ ತಂದಿತು. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಂಪನಿಯ ಸಿಮೆಂಟ್ ಕಾರ್ಖಾನೆಯಿದೆ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆದ ಪೀಠೋಪಕರಣ ಕಂಪನಿ ಐಕಿಯಾದ ದಾರಿ ಬೇರೆ: ಊರೂರಿಗೆ ಅಂಗಡಿಯಿಲ್ಲ, ಮಳಿಗೆ ನೋಡಲು ಗಿರಾಕಿಯೇ ದೂರ ಹೋಗಬೇಕು. ಒಂದು ಟ್ರ್ಯಾಕ್ಟರ್ ಉಸುಕು ಬೇಕಾದ ಕುಂದಗೋಳದ ರೈತನಿಗೆ ಅಂಥ ದಾರಿ ಹೊಂದದು.

ಮನೆ ಕಟ್ಟುವ ಖರ್ಚಿಗೂ ಇಲ್ಲಿನ ನೆಲವೇ ಕಾರಣ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ; ಬುನಾದಿ ಆಳಕ್ಕಿಳಿಯಬೇಕು, ಗರಸು ತುಂಬಬೇಕು. ಹೀಗಾಗಿ ಇಲ್ಲಿನ ಖರ್ಚಿನ ದೊಡ್ಡ ಪಾಲು ಕಣ್ಣಿಗೆ ಕಾಣದೆ ನೆಲದೊಳಗೇ ಹೂತುಹೋಗುತ್ತದೆ. ಇಂಥ ಮನೆಗೆ ಯಾವ ಸಿಮೆಂಟು, ಎಷ್ಟು ಚೀಲ ಎಂಬುದನ್ನು ಬಹಳ ಸಲ ನಿರ್ಧರಿಸುವವನು ಗೌಂಡಿ. ಮಳಿಗೆಜಾಲಗಳು ಗೌಂಡಿಗಳ ಸಭೆ ಕರೆದು ಉಡುಗೊರೆ ಹಂಚುವುದು ಸುಮ್ಮನೆ ಅಲ್ಲ.