ಅಗ್ಗದ ದೇಶ ಎಲ್ಲಿದೆ?

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಇಲ್ಲಿ ಕೋಶ ಎಂದರೆ ಗ್ರಂಥ. ಆದರೆ ಅದೇ ಮಾತಿಗೆ ಬೊಕ್ಕಸ ಎಂಬ ಇನ್ನೊಂದು ಅರ್ಥವೂ ಉಂಟು. ಹೊರದೇಶ ನೋಡಬೇಕೆಂದು ಆಸೆಪಡುವ ಮಧ್ಯಮ ವರ್ಗದ ಸಂಸಾರ ಮೊದಲು ತೆರೆದು ನೋಡುವುದು ಈ ಎರಡನೆಯ ಕೋಶವನ್ನೇ. ಮಕ್ಕಳ ರಜೆಗೆ ನೇಪಾಳವೋ ಶ್ರೀಲಂಕಾವೋ, ಥಾಯ್ಲೆಂಡೋ ವಿಯೆಟ್ನಾಮೋ ಎಂದು ಮನೆಮಂದಿಯೆಲ್ಲ ಕುಳಿತು ಚರ್ಚಿಸಿದರೂ ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಎಲ್ಲಿ ಅಗ್ಗ?

ಈ ಪ್ರಶ್ನೆಗೆ ಸಿಗುವ ಉತ್ತರ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಕಡಲ ತೀರವೂ ಗುಡಿ ಗೋಪುರಗಳೂ ಇದ್ದಲ್ಲೇ ಇರುತ್ತವೆ. ಆದರೆ ಒಂದು ಕಾಲಕ್ಕೆ ದುಬಾರಿಯೆನಿಸಿದ ದೇಶ ಇನ್ನೊಂದು ಕಾಲಕ್ಕೆ ಅಗ್ಗವಾಗುತ್ತದೆ, ಅಗ್ಗವಾಗಿದ್ದದ್ದು ಕೈಗೆಟುಕದಂತಾಗುತ್ತದೆ. ಕಡಿಮೆ ಖರ್ಚಿನ ವಿದೇಶ ಪ್ರವಾಸದ ಇತಿಹಾಸವನ್ನು ಹಿಂತಿರುಗಿ ನೋಡಿದರೆ ಈ ಏರಿಳಿತದ ಗುಟ್ಟು ತಿಳಿಯುತ್ತದೆ.

ಒಂದು ಷಿಲ್ಲಿಂಗ್‌ನಿಂದ ಆರಂಭ

ಕೈಯಲ್ಲಿ ಕಾಸಿಲ್ಲದವರು ಹಿಂದೆಯೂ ದೂರ ಪ್ರಯಾಣ ಮಾಡುತ್ತಿದ್ದರು. ಆದರೆ ಅವರು ಯಾತ್ರಿಕರು. ಛತ್ರ, ಧರ್ಮಶಾಲೆ, ಮಠಗಳು ಅವರಿಗೆ ಅನ್ನ, ಆಸರೆ ಕೊಡುತ್ತಿದ್ದವು. ಸುಮ್ಮನೆ ನೋಡಿ ಬರಲು, ಖುಷಿಗಾಗಿ ಹೊರಡುವುದು ಸಿರಿವಂತರ ಹವ್ಯಾಸವಾಗಿತ್ತು. ಅದನ್ನು ಸಾಮಾನ್ಯರ ಬಳಿಗೆ ತಂದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಥಾಮಸ್ ಕುಕ್. ಮರಗೆಲಸ ಕಲಿತಿದ್ದ, ಪಾನನಿರೋಧದ ಪ್ರಚಾರಕನಾಗಿದ್ದ ಈತ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋ ಪಟ್ಟಣಕ್ಕೆ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಷಿಲ್ಲಿಂಗ್. ಗುಂಪಾಗಿ ಹೊರಟರೆ ಒಬ್ಬೊಬ್ಬರ ಖರ್ಚು ತಗ್ಗುತ್ತದೆ ಎಂಬ ಸರಳ ಲೆಕ್ಕ ಅಲ್ಲಿ ಫಲಿಸಿತು. 1855ರಲ್ಲಿ ಆತ ಇದೇ ಲೆಕ್ಕವನ್ನು ಹಿಡಿದು ಯುರೋಪ್ ಖಂಡಕ್ಕೆ ಪ್ರವಾಸಿಗರನ್ನು ಕರೆದೊಯ್ದ. ಅವನ ಹೆಸರಿನ ಬ್ರಿಟಿಷ್ ಕಂಪೆನಿ 178 ವರ್ಷ ಬಾಳಿ, 2019ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಗಿ ಬಾಗಿಲು ಮುಚ್ಚಿತು.

ಪ್ರಯಾಣ ಅಗ್ಗವಾದರೆ ಸಾಲದು, ರಾತ್ರಿ ಮಲಗಲು ಜಾಗ ಬೇಕು. ಅದಕ್ಕೆ ದಾರಿ ತೋರಿಸಿದವನು ಜರ್ಮನಿಯ ಶಾಲಾ ಮಾಸ್ತರ ರಿಚರ್ಡ್ ಷಿರ್‌ಮಾನ್. 1909ರ ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳ ಜೊತೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ, ಹಳ್ಳಿಯೊಂದರ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ಯುವಕರ ತಂಗುದಾಣ ಮಾಡಿದರೆ ಹೇಗೆ ಎಂಬ ಯೋಚನೆ ಆತನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬಲ್ಲಿನ ಹಳೆಯ ಕೋಟೆಯಲ್ಲಿ ಕಾಯಂ ಯೂತ್ ಹಾಸ್ಟೆಲ್ ಆರಂಭವಾಯಿತು. ಇಂದು ದೇಶ ದೇಶಗಳಲ್ಲಿರುವ ಯೂತ್ ಹಾಸ್ಟೆಲ್‌ಗಳ ಮೂಲ ಇದೇ.

ರೈಲು ಅಗ್ಗವಾಯಿತು, ಹಾಸಿಗೆ ಅಗ್ಗವಾಯಿತು. ಮೂರನೆಯದು ಮಾಹಿತಿ. ಅಮೆರಿಕದ ಸೇನೆಯಲ್ಲಿದ್ದು ಜರ್ಮನಿ ನೋಡಿ ಬಂದಿದ್ದ ಆರ್ಥರ್ ಫ್ರಾಮರ್ ಎಂಬ ವಕೀಲ 1957ರಲ್ಲಿ ಒಂದು ಮಾರ್ಗದರ್ಶಿ ಪುಸ್ತಕ ಪ್ರಕಟಿಸಿದ. ದಿನಕ್ಕೆ ಐದು ಡಾಲರ್‌ನಲ್ಲಿ ಯುರೋಪ್ ನೋಡಬಹುದು ಎಂಬುದೇ ಅದರ ಶೀರ್ಷಿಕೆ. ಸಾವಿರಾರು ಅಮೆರಿಕನ್ನರು ಅದನ್ನು ಹಿಡಿದು ಪ್ಯಾರಿಸ್, ರೋಮ್‌ಗಳಿಗೆ ಹೊರಟರು. ಐದು ಡಾಲರ್‌ನಲ್ಲಿ ದಿನ ಕಳೆಯಲು ಹೇಗೆ ಸಾಧ್ಯವಾಯಿತು? ಲೇಖಕನ ಜಾಣ್ಮೆ ಒಂದು ಕಾರಣ. ಇನ್ನೂ ದೊಡ್ಡ ಕಾರಣವೆಂದರೆ, ಎರಡನೆಯ ಮಹಾಯುದ್ಧದಲ್ಲಿ ಬಳಲಿದ ಯುರೋಪಿನ ನಾಣ್ಯಗಳ ಎದುರು ಆಗ ಡಾಲರ್ ಬಲು ಬಲಶಾಲಿಯಾಗಿತ್ತು. ಬ್ರಿಟನ್ನಿನ ಪೌಂಡ್ 1949ರಲ್ಲಿ 4.03 ಡಾಲರ್‌ನಿಂದ 2.80 ಡಾಲರ್‌ಗೆ ಇಳಿದಿತ್ತು. ಯುರೋಪ್ ಚೇತರಿಸಿಕೊಂಡಂತೆ, ಮುಂದಿನ ಆವೃತ್ತಿಗಳಲ್ಲಿ ಪುಸ್ತಕದ ಶೀರ್ಷಿಕೆಯ ಅಂಕಿಯೂ ಏರುತ್ತ ಹೋಯಿತು.

ಬಸ್ಸಿನಲ್ಲಿ ಕಲ್ಕತ್ತಕ್ಕೆ

ಅದೇ 1957ರ ಏಪ್ರಿಲ್ 15ರಂದು ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ 20 ಪ್ರಯಾಣಿಕರನ್ನು ಹೊತ್ತ ಬಸ್ಸೊಂದು ಹೊರಟಿತು. ಅದರ ಹೆಸರು ‘ಇಂಡಿಯಾಮನ್’. ಗುರಿ ಕಲ್ಕತ್ತ. ಹೋಗಲು 85 ಪೌಂಡ್, ಮರಳಲು 65 ಪೌಂಡ್. ಟರ್ಕಿ, ಇರಾನ್, ಪಾಕಿಸ್ತಾನಗಳನ್ನು ಹಾದು ಜೂನ್ 5ರಂದು ಅದು ಕಲ್ಕತ್ತ ತಲುಪಿತು.

ಅರವತ್ತರ ದಶಕದಲ್ಲಿ ಯುರೋಪಿನಿಂದ ಪೂರ್ವಕ್ಕೆ ಬರುವ ಈ ಮಾರ್ಗವನ್ನು ಜಗತ್ತು ‘ಹಿಪ್ಪಿ ಹಾದಿ’ ಎಂದು ಕರೆಯಿತು. ಇಸ್ತಾಂಬುಲ್‌ನ ‘ಪುಡ್ಡಿಂಗ್ ಶಾಪ್’ ಎಂಬ ಹೋಟೆಲಿನ ಗೋಡೆಯ ಮೇಲೆ ಜೊತೆಗಾರರನ್ನು ಹುಡುಕುವ ಚೀಟಿಗಳು ತೂಗುತ್ತಿದ್ದವು. ಕಾಬೂಲಿನ ಚಿಕನ್ ಸ್ಟ್ರೀಟ್, ಕಠ್ಮಂಡುವಿನ ಫ್ರೀಕ್ ಸ್ಟ್ರೀಟ್, ಗೋವೆಯ ಕಡಲ ತೀರ ಇವರ ಬಿಡಾರಗಳಾದವು. ಗೋವೆಯಿಂದ ದಕ್ಷಿಣಕ್ಕೆ ಇಳಿದ ಬೆನ್ನುಚೀಲದ ಪ್ರವಾಸಿಗರಿಗೆ ಮುಂದೆ ಗೋಕರ್ಣ, ಹಂಪಿಗಳೂ ಪರಿಚಿತವಾದವು.

1972ರಲ್ಲಿ ಟೋನಿ ವೀಲರ್ ಮತ್ತು ಮೌರೀನ್ ಎಂಬ ಯುವ ದಂಪತಿ ಲಂಡನ್ನಿನಿಂದ ಹಳೆಯ ಪುಟ್ಟ ವ್ಯಾನೊಂದರಲ್ಲಿ ಹೊರಟು, ಕಾಬೂಲಿನಲ್ಲಿ ಅದನ್ನು ಮಾರಿ, ವರ್ಷದ ಕೊನೆಗೆ ಆಸ್ಟ್ರೇಲಿಯದ ಸಿಡ್ನಿ ಸೇರಿದಾಗ ಅವರ ಬಳಿ ಉಳಿದಿದ್ದದ್ದು 27 ಸೆಂಟ್. ಏಷ್ಯವನ್ನು ಅಗ್ಗದಲ್ಲಿ ದಾಟುವುದು ಹೇಗೆಂದು 1973ರಲ್ಲಿ ಅವರು ಬರೆದ ಪುಸ್ತಿಕೆಯಿಂದ ‘ಲೋನ್ಲಿ ಪ್ಲಾನೆಟ್’ ಎಂಬ ಪ್ರಕಾಶನ ಸಂಸ್ಥೆಯೇ ಹುಟ್ಟಿಕೊಂಡಿತು.

ಎದುರು ದಿಕ್ಕಿನಿಂದ ಇಬ್ಬರು

ಇದೇ ಹಾದಿಯಲ್ಲಿ ಭಾರತದಿಂದ ಪಶ್ಚಿಮಕ್ಕೆ ಹೊರಟವರು ಎಷ್ಟು ಮಂದಿ? ತೀರ ವಿರಳ. ಅವರಲ್ಲಿ ಇಬ್ಬರ ಕಥೆ ಸ್ವಾರಸ್ಯಕರ. ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿ, ತೊಂಬತ್ತರ ಹೊಸ್ತಿಲಲ್ಲಿದ್ದ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1961ರಲ್ಲಿ ಜೈಲಿಗೆ ಹೋದ ಸುದ್ದಿಯನ್ನು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಶಾಂತಿಯಾತ್ರೆಗೆ ಮನಸ್ಸು ಮಾಡಿದರು. ವಿನೋಬಾ ಭಾವೆಯವರ ಆಶೀರ್ವಾದ ಬೇಡಿದಾಗ ಅವರು ನೀಡಿದ ಸಲಹೆ, ಕೈಯಲ್ಲಿ ಹಣವಿಟ್ಟುಕೊಳ್ಳಬೇಡಿ ಎಂಬುದು. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು ಪಾಕಿಸ್ತಾನ, ಆಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್ ಸೇರಿ, ಅಟ್ಲಾಂಟಿಕ್ ಸಾಗರವನ್ನು ಹಡಗಿನಲ್ಲಿ ದಾಟಿ, ಅವರು ವಾಷಿಂಗ್ಟನ್ ತಲುಪಿದಾಗ 1964 ಬಂದಿತ್ತು. ದಾರಿಯುದ್ದಕ್ಕೂ ಊಟ ಹಾಕಿ ಮಲಗಲು ಜಾಗ ಕೊಟ್ಟವರು ಅಪರಿಚಿತರು.

ಇದು ತ್ಯಾಗದ ಯಾತ್ರೆ, ರಜೆಯ ವಿಹಾರವಲ್ಲ. ಆದರೂ ಸಂಬಳದಲ್ಲಿ ಉಳಿಸಿದ ಹಣದಿಂದ ಹೊರದೇಶ ನೋಡಿ ಬರುವ ಸಾಮಾನ್ಯ ಭಾರತೀಯ ಆ ಹಾದಿಯಲ್ಲಿ ಕಾಣದೇ ಹೋದದ್ದೇಕೆ ಎಂಬ ಪ್ರಶ್ನೆ ಏಳುತ್ತದೆ. ಬಡತನವೊಂದೇ ಅದಕ್ಕೆ ಉತ್ತರವಾಗದು.

1966ರ ಜೂನ್ 6

ಚೀನಾ, ಪಾಕಿಸ್ತಾನಗಳೊಡನೆ ಯುದ್ಧ, 1965ರ ಬರಗಾಲ, ನಿಂತುಹೋದ ವಿದೇಶಿ ನೆರವು, ಇವೆಲ್ಲದರಿಂದ ಕಂಗೆಟ್ಟ ಭಾರತ ಸರ್ಕಾರ 1966ರ ಜೂನ್ 6ರಂದು ರೂಪಾಯಿಯನ್ನು ಅಪಮೌಲ್ಯಗೊಳಿಸಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರ್ 7 ರೂಪಾಯಿ 50 ಪೈಸೆಯಾಯಿತು.

ಇದರ ಪರಿಣಾಮವನ್ನು ಹೋಟೆಲ್ ಕೋಣೆಯ ಬಾಡಿಗೆಯಲ್ಲಿ ಲೆಕ್ಕ ಹಾಕಿ ನೋಡಬಹುದು. ದಿನಕ್ಕೆ 15 ರೂಪಾಯಿಯ ಕೋಣೆಗೆ ಅಮೆರಿಕದ ಪ್ರವಾಸಿ ಹಿಂದಿನ ದಿನ ಮೂರು ಡಾಲರ್‌ಗೂ ಹೆಚ್ಚು ತೆರಬೇಕಿತ್ತು. ಮರುದಿನ ಎರಡೇ ಡಾಲರ್ ಸಾಕಾಯಿತು. ಕೋಣೆ ಅದೇ, ಮಾಲೀಕನಿಗೆ ಸಿಗುವ ರೂಪಾಯಿಯೂ ಅಷ್ಟೇ. ಭಾರತ ರಾತ್ರೋರಾತ್ರಿ ಅಗ್ಗದ ದೇಶವಾಯಿತು. ಅತ್ತ 100 ಡಾಲರ್ ಬೇಕಾಗಿದ್ದ ಭಾರತೀಯ 476 ರೂಪಾಯಿಯ ಬದಲು 750 ರೂಪಾಯಿ ಕೊಡಬೇಕಾಯಿತು. ಒಬ್ಬನಿಗೆ ತೆರೆದ ಬಾಗಿಲೇ ಇನ್ನೊಬ್ಬನಿಗೆ ಮುಚ್ಚಿತು.

ರೂಪಾಯಿ ಕೊಟ್ಟರೂ ಡಾಲರ್ ಸಿಗುತ್ತಿರಲಿಲ್ಲ ಎಂಬುದು ಇನ್ನೊಂದು ಕಥೆ. ದೇಶದಲ್ಲಿ ವಿದೇಶಿ ವಿನಿಮಯದ ಅಭಾವವಿದ್ದ ಆ ದಿನಗಳಲ್ಲಿ ಹೊರದೇಶದ ಟಿಕೆಟ್‌ಗೂ ರಿಸರ್ವ್ ಬ್ಯಾಂಕಿನ ಅನುಮತಿಯ ‘ಪಿ ಫಾರಂ’ ಬೇಕಿತ್ತು. ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದ ಅನುಭವವನ್ನು ಆ ತಲೆಮಾರಿನ ಅನೇಕರು ಹೇಳಿಕೊಂಡಿದ್ದಾರೆ. ಶ್ರೀಮಂತ ದೇಶಗಳೂ ಇದರಿಂದ ಪೂರ್ತಿ ಪಾರಾಗಿರಲಿಲ್ಲ. ಅದೇ 1966ರಲ್ಲಿ ಬ್ರಿಟನ್ ಸರ್ಕಾರ ತನ್ನ ಪ್ರಜೆಗಳು ವಿದೇಶ ಪ್ರವಾಸಕ್ಕೆ 50 ಪೌಂಡ್‌ಗಿಂತ ಹೆಚ್ಚು ಒಯ್ಯುವಂತಿಲ್ಲ ಎಂದು ಕಟ್ಟುಪಾಡು ವಿಧಿಸಿ, 1970ರವರೆಗೆ ಅದನ್ನು ಉಳಿಸಿಕೊಂಡಿತ್ತು. ಆದರೆ ಎಂಟು ಡಾಲರಿಗೂ ಐವತ್ತು ಪೌಂಡಿಗೂ ಅಂತರ ಬಹಳ.

ಆ ಕಾಲದಲ್ಲಿ ಹೊರದೇಶಕ್ಕೆ ಹೋದ ಭಾರತೀಯರು ಬಹುಮಟ್ಟಿಗೆ ಆಹ್ವಾನದ ಮೇಲೆ, ವಿದ್ಯಾರ್ಥಿ ವೇತನದ ಮೇಲೆ, ಇಲ್ಲವೇ ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದವರು. ಉಳಿದವರು ಪುಸ್ತಕ ಓದಿಯೇ ತೃಪ್ತಿಪಟ್ಟರು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಮುಂತಾದ ಪ್ರವಾಸ ಕಥನಗಳನ್ನು ಕನ್ನಡಿಗರು ಕಣ್ಣರಳಿಸಿ ಓದಿದ್ದಕ್ಕೆ ಈ ಹಿನ್ನೆಲೆಯೂ ಇದೆ. ದೇಶ ಸುತ್ತಲಾಗದವರಿಗೆ ಉಳಿದದ್ದು ಕೋಶ ಓದುವುದೇ.

ಹಾದಿ ಮುಚ್ಚಿತು, ಆಕಾಶ ತೆರೆಯಿತು

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನಕ್ಕೆ ನುಗ್ಗಿತು. ಹಿಪ್ಪಿ ಹಾದಿ ಮುಚ್ಚಿಹೋಯಿತು. ಅಷ್ಟರಲ್ಲಿ ಅಗ್ಗದ ಪ್ರಯಾಣ ಆಕಾಶಕ್ಕೆ ಏರಿತ್ತು. 1977ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಫ್ರೆಡ್ಡಿ ಲೇಕರ್ 59 ಪೌಂಡ್‌ಗೆ ಲಂಡನ್ನಿನಿಂದ ನ್ಯೂಯಾರ್ಕಿಗೆ ವಿಮಾನ ಹಾರಿಸಿದ್ದ. ಊಟ ಬೇಕಾದವರು ಬೇರೆ ಹಣ ಕೊಡಬೇಕಿತ್ತು. 1982ರಲ್ಲಿ ಆ ಸಂಸ್ಥೆ ಮುಳುಗಿದರೂ ಅದರ ಲೆಕ್ಕಾಚಾರ ಉಳಿಯಿತು. ಗೊರೂರಿನವರೇ ಆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರನ್ನು ನೆಲೆಯಾಗಿಸಿಕೊಂಡು ಏರ್ ಡೆಕ್ಕನ್ ಆರಂಭಿಸಿದಾಗ, ದೇಶದೊಳಗಿನ ಹಾರಾಟದಲ್ಲಿ ಭಾರತೀಯರಿಗೂ ಅದರ ರುಚಿ ಹತ್ತಿತು.

ಹಣದ ಕಟ್ಟುಪಾಡೂ ಸಡಿಲವಾಯಿತು. 1991ರ ಆರ್ಥಿಕ ಸುಧಾರಣೆಯ ಬಳಿಕ, 2000ದ ಜೂನ್‌ನಲ್ಲಿ ಹೊಸ ವಿದೇಶಿ ವಿನಿಮಯ ಕಾಯಿದೆ ಜಾರಿಗೆ ಬಂತು. 2004ರಲ್ಲಿ ವ್ಯಕ್ತಿಯೊಬ್ಬ ವರ್ಷಕ್ಕೆ 25,000 ಡಾಲರ್‌ವರೆಗೆ ಹೊರಗೆ ಕಳಿಸಲು ಅವಕಾಶ ಸಿಕ್ಕಿತು. ಇಂದು ಆ ಮಿತಿ ಎರಡೂವರೆ ಲಕ್ಷ ಡಾಲರ್. ಎಂಟು ಡಾಲರಿನ ದೇಶ ಇಷ್ಟು ದೂರ ಬಂದಿದೆ.

ಈಗ ಅಗ್ಗದ ದೇಶವನ್ನು ಹುಡುಕುವ ಸರದಿ ಭಾರತೀಯರದು. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ನಾಣ್ಯದ ಕಟ್ಟು ಬಿಚ್ಚಿದಾಗ, ಡಾಲರ್‌ಗೆ ಸುಮಾರು 25 ಇದ್ದ ಬಾತ್ ಆರೇ ತಿಂಗಳಲ್ಲಿ 50 ದಾಟಿತು. ಕಾರ್ಖಾನೆಗಳು ಮುಚ್ಚಿದವು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ಆ ದೇಶ ಜಗತ್ತಿನ ಪ್ರವಾಸಿಗರನ್ನು ಕೈಬೀಸಿ ಕರೆಯಿತು. 2022ರಲ್ಲಿ ಶ್ರೀಲಂಕಾದ ಸರದಿ. ಡಾಲರ್‌ಗೆ 200ರ ಆಸುಪಾಸಿನಲ್ಲಿದ್ದ ಅಲ್ಲಿನ ರೂಪಾಯಿ ಕೆಲವೇ ವಾರಗಳಲ್ಲಿ 360ಕ್ಕೆ ಕುಸಿಯಿತು. ಜನ ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ದಿನಗಟ್ಟಲೆ ಸಾಲು ನಿಂತರು. ಮರುವರ್ಷ ಆ ದ್ವೀಪಕ್ಕೆ ಬಂದ ವಿದೇಶಿ ಪ್ರವಾಸಿಗರಲ್ಲಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದರು. 1966ರಲ್ಲಿ ಭಾರತೀಯ ನಿಂತಿದ್ದ ಜಾಗದಲ್ಲಿ ಈಗ ಲಂಕೆಯ ಮಧ್ಯಮ ವರ್ಗದವರು ನಿಂತಿದ್ದರು.

ಎಲ್ಲ ದೇಶಗಳೂ ಅಗ್ಗವಾಗಲು ಒಪ್ಪುವುದಿಲ್ಲ. 1974ರಲ್ಲಷ್ಟೇ ಪ್ರವಾಸಿಗರಿಗೆ ಬಾಗಿಲು ತೆರೆದ ಭೂತಾನ್, ಬರುವವರ ಸಂಖ್ಯೆ ಕಡಿಮೆಯಿರಲಿ, ಆದಾಯ ಹೆಚ್ಚಿರಲಿ ಎಂಬ ನೀತಿ ಹಿಡಿಯಿತು. 2022ರಿಂದ ಭಾರತೀಯರೂ ಅಲ್ಲಿ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಕೊಡಬೇಕು. ನೇಪಾಳದ್ದು ಇನ್ನೊಂದು ಬಗೆ. 1993ರಿಂದ ಭಾರತದ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ ಎಂಬ ದರ ಬದಲಾಗಿಲ್ಲ. ಭಾರತೀಯರಿಗೆ ವೀಸಾ ಬೇಕಿಲ್ಲ. ಲೆಕ್ಕ ಹಾಕಿ ಹೊರಡುವವರಿಗೆ ಇದಕ್ಕಿಂತ ನಿಶ್ಚಿಂತೆಯ ದೇಶ ಮತ್ತೊಂದಿಲ್ಲ.

ಲೆಕ್ಕ ಹಾಕುವ ಬಗೆ

ಈ ಇತಿಹಾಸದಿಂದ ಇಂದಿನ ಪ್ರವಾಸಿ ಕಲಿಯಬಹುದಾದದ್ದು ಸಾಕಷ್ಟಿದೆ. ಮೊದಲನೆಯದು, ಯುರೋಪ್, ಅಮೆರಿಕದವರು ಅಗ್ಗವೆಂದು ಹೊಗಳಿದ ದೇಶ ನಮಗೂ ಅಗ್ಗವೆಂದು ನಂಬಬೇಕಿಲ್ಲ. ಡಾಲರ್ ಎದುರು ಅಲ್ಲಿನ ನಾಣ್ಯ ಕುಸಿದಾಗ ನಮ್ಮ ರೂಪಾಯಿಯೂ ಜೊತೆಗೇ ಕುಸಿದಿದ್ದರೆ ನಮಗೇನೂ ಲಾಭವಿಲ್ಲ. ನೋಡಬೇಕಾದದ್ದು ಹೋಗುವ ದೇಶದ ನಾಣ್ಯಕ್ಕೂ ರೂಪಾಯಿಗೂ ಇರುವ ದರವನ್ನು.

ಎರಡನೆಯದು, ವಿಮಾನದ ಟಿಕೆಟ್ ಒಮ್ಮೆ ತೆರುವ ಖರ್ಚು, ಊಟ ವಸತಿ ದಿನದಿನದ ಖರ್ಚು. ಹಿಪ್ಪಿ ಹಾದಿಯ ಪ್ರವಾಸಿಗರು ತಿಂಗಳುಗಟ್ಟಲೆ ಉಳಿದದ್ದರಿಂದ ಅವರಿಗೆ ಏಷ್ಯ ಅಗ್ಗವಾಗಿತ್ತು. ನಾಲ್ಕು ದಿನದ ರಜೆಗೆ 40 ಸಾವಿರದ ಟಿಕೆಟ್ ಕೊಂಡರೆ ಪ್ರಯಾಣಕ್ಕೇ ದಿನಕ್ಕೆ 10 ಸಾವಿರ ಬಿತ್ತು. ಅಲ್ಲಿ ಊಟ ಎಷ್ಟು ಅಗ್ಗವಿದ್ದರೂ ಆ ಹೊರೆ ಇಳಿಯದು. ರಜೆ ಚಿಕ್ಕದಾದರೆ ಹತ್ತಿರದ ದೇಶ, ದೊಡ್ಡದಾದರೆ ದೂರದ ದೇಶ ಎಂಬುದು ಒಳ್ಳೆಯ ಸೂತ್ರ. ಹೆಚ್ಚು ಜನ ಹೋಗುವ ತಿಂಗಳನ್ನು ಬಿಟ್ಟು ಹೊರಟರೆ ಟಿಕೆಟ್, ಕೋಣೆ ಎರಡೂ ಇಳಿಯುತ್ತವೆ.

ಮೂರನೆಯದು ಜೇಬಿನ ಜೊತೆ ಮನಸ್ಸಿಗೂ ಸಂಬಂಧಿಸಿದ್ದು. ಊರಿನವರೇ ನಡೆಸುವ ಚಿಕ್ಕ ವಸತಿಗೃಹ, ಊರಿನವರು ಉಣ್ಣುವ ಹೋಟೆಲು, ಊರಿನ ಬಸ್ಸು, ಇವು ಪ್ರವಾಸಿಗೂ ಅಗ್ಗ, ಕೊಟ್ಟ ಹಣ ಅಲ್ಲಿಯೇ ಉಳಿಯುತ್ತದೆ ಎಂಬ ಸಮಾಧಾನವೂ ಉಂಟು. ನಾಣ್ಯ ಕುಸಿದ ದೇಶದ ಬೀದಿಬದಿಯ ವ್ಯಾಪಾರಿಯ ಮುಂದೆ ನಿಂತು ಕೊನೆಯ ನಾಲ್ಕಾಣೆಗೂ ಚೌಕಾಶಿ ಮಾಡುವ ಮುನ್ನ, ಎಂಟು ಡಾಲರ್ ಹಿಡಿದು ಹೊರಟ ತಲೆಮಾರನ್ನು ನೆನೆಯುವುದು ಒಳ್ಳೆಯದು.