ಹುಳ ಕಮ್ಮಿಯಾಯ್ತು, ಬಜೆಟ್ ನಿಂತೋಯ್ತು (ಕಂತು 4)

ಇವತ್ತಿನ ಕಥೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ್ದು. 1860ರ ದಶಕದ ಕೊನೆಗೆ ಟ್ರೂವೆಲೋ ಅನ್ನೋ ಫ್ರೆಂಚ್ ಚಿತ್ರಕಾರ ರೇಷ್ಮೆ ಪ್ರಯೋಗಕ್ಕೆ ಅಂತ ಯುರೋಪಿನಿಂದ ಜಿಪ್ಸಿ ಪತಂಗ ತರಿಸಿ ಮೆಡ್‌ಫರ್ಡ್ ಊರಲ್ಲಿ ಸಾಕ್ತಿದ್ದ. ಕೆಲವು ತಪ್ಪಿಸ್ಕೊಂಡ್ವು. (ಆಮೇಲೆ ಇವನು ಗ್ರಹ-ನಕ್ಷತ್ರಗಳ ಚಿತ್ರ ಬರೆದು ಹೆಸರು ಮಾಡಿದ. ಚಂದ್ರನ ಮೇಲಿನ ಒಂದು ಕುಳಿಗೆ ಇವನದೇ ಹೆಸರು!)

ಇಪ್ಪತ್ತು ವರ್ಷ ಹೆಚ್ಚಿನ ಜನಕ್ಕೆ ತಲೆನೋವಿಲ್ಲ. 1889ರ ಬೇಸಿಗೆಯಲ್ಲಿ ಮಾತ್ರ ಮೆಡ್‌ಫರ್ಡ್‌ನ ಮರಗಳೆಲ್ಲ ಬೋಳು. ಗೋಡೆ ಮೇಲೆ, ಮನೆಯೊಳಗೆ, ಎಲ್ಲಿ ನೋಡಿದ್ರೂ ಕಂಬಳಿಹುಳ.

1890ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ದುಡ್ಡು ಕೊಡ್ತು. ಕೆಲಸ ನೋಡಿ: ಒಂದೊಂದೇ ಮರ ಹುಡುಕಿ ಮೊಟ್ಟೆಗಳ ಮೇಲೆ ಕ್ರಿಯೊಸೋಟ್ ಎಣ್ಣೆ ಹಚ್ಚೋದು. ಕಾಂಡಕ್ಕೆ ಗೋಣಿತಟ್ಟು ಸುತ್ತೋದು, ಹಗಲು ಅದರಡಿ ಅಡಗಿದ ಹುಳಗಳನ್ನ ಕೈಯಲ್ಲೇ ಆರಿಸಿ ಕೊಲ್ಲೋದು. ಸೀಸದ ಆರ್ಸೆನೇಟ್ ಅನ್ನೋ ವಿಷವನ್ನ ಕೀಟನಾಶಕವಾಗಿ ಬಳಸೋಕೆ ಶುರುಮಾಡಿದ್ದೂ ಇಲ್ಲೇ. ಹತ್ತು ವರ್ಷದಲ್ಲಿ ಖರ್ಚು 10 ಲಕ್ಷ ಡಾಲರ್‌ಗೂ ಜಾಸ್ತಿ. ಹುಳ ನಿಜವಾಗ್ಲೂ ಕಮ್ಮಿಯಾಯ್ತು.

ಅದೇ ಎಡವಟ್ಟಾಯ್ತು. ಕಣ್ಣಿಗೇ ಕಾಣದ ಹುಳಕ್ಕೆ ಇಷ್ಟೊಂದು ದುಡ್ಡು ಯಾಕೆ ಅಂತ 1900ರಲ್ಲಿ ಶಾಸನಸಭೆ ಅನುದಾನ ನಿಲ್ಲಿಸಿತು. ಬಿಕಾಂ ಓದೋ ನಮಗೆ ಈ ತಪ್ಪು ಚೆನ್ನಾಗಿ ಗೊತ್ತಿರಬೇಕು: ಮೇಂಟೆನೆನ್ಸ್ ಖರ್ಚು ಚೆನ್ನಾಗಿ ಕೆಲಸ ಮಾಡಿದಷ್ಟೂ ದಂಡ ಅನ್ನಿಸುತ್ತೆ. ನಾನೂ ಆ ಸಭೆಯಲ್ಲಿದ್ದಿದ್ರೆ ಬಹುಶಃ ಕೈ ಎತ್ತಿರ್ತಿದ್ದೆ.

ಐದೇ ವರ್ಷ. 1905ರಲ್ಲಿ ಸರ್ಕಾರ ಮತ್ತೆ ದುಡ್ಡು ತೆಗೆಯೋ ಹೊತ್ತಿಗೆ ಪತಂಗ ಪಕ್ಕದ ರಾಜ್ಯಗಳನ್ನೂ ಸೇರಿಬಿಟ್ಟಿತ್ತು. ಆಮೇಲೆ ಅದನ್ನ ಪೂರ್ತಿ ಓಡಿಸೋಕೆ ಆಗಲೇ ಇಲ್ಲ.

1957ರಲ್ಲಿ ವಿಮಾನದಿಂದ ಡಿಡಿಟಿ ಸುರಿದದ್ದು, ಲಾಂಗ್ ಐಲ್ಯಾಂಡ್ ಜನ ಕೋರ್ಟಿಗೆ ಹೋದದ್ದು ಮುಂದಿನ ಕಂತಲ್ಲಿ.