ನೀರುಗಂಟಿಯ ಋಣ
ಕೆರೆ ಎಂದೊಡನೆ ನಾವು ಅದನ್ನು ಕಟ್ಟಿಸಿದವರನ್ನು ನೆನೆಯುತ್ತೇವೆ. ಅವರಿಗೆ ‘ಬಿತ್ತುವಟ್ಟ’ವೆಂದು ಭೂಮಿ ಬಿಟ್ಟುದನ್ನು ನಮ್ಮ ಶಿಲಾಶಾಸನಗಳು ಸಾರುತ್ತವೆ. ನನಗಾದರೋ ನೀರುಗಂಟಿಯ ನೆನಪು.

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ತೂಬೆತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನು ಆತ. ಮಳೆ ಕೈಕೊಟ್ಟ ವರ್ಷ ಇದ್ದಷ್ಟು ನೀರನ್ನು ಹಂಚಿ ಜಗಳ ತಪ್ಪಿಸಬೇಕಾದವನೂ ಆತನೇ. ಸುಗ್ಗಿಯ ಕಣದಲ್ಲಿ ರೈತರು ಅಳೆದುಕೊಟ್ಟ ಧಾನ್ಯವೇ ಆತನ ಆಯ. ಅನೇಕ ಕಡೆ ಆತ ದಲಿತ. ಊರಿಗೆಲ್ಲ ನೀರು ಹಂಚಿದ ಕೈಗೆ ಊರ ಬಾವಿಯನ್ನು ಮುಟ್ಟುವ ಹಕ್ಕಿರಲಿಲ್ಲ.

1961ರ ಕಾನೂನು ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಗೊಳಿಸಿತು. ಅದು ನ್ಯಾಯವೇ. ಆದರೆ ಆತನ ಅರಿವನ್ನು ಗೌರವದಿಂದ ಉಳಿಸಿಕೊಳ್ಳುವ ದಾರಿಯನ್ನು ನಾವು ಹುಡುಕಲಿಲ್ಲ. ಹೂಳು ತುಂಬಿದ ಕೆರೆಯ ಏರಿಯ ಮೇಲೆ ನಿಂತಾಗಲೆಲ್ಲ ಆ ಋಣ ನನ್ನನ್ನು ಬಾಧಿಸುತ್ತದೆ.